ಟ್ಯಾಬ್ ಕಿತ್ಕೊಂಡಿದ್ದಕ್ಕೆ ಮಗಳು ಹೇಳೋದನ್ನೇ ಬಿಟ್ಟಳು

ನಾನು ಒಂದನೇ, ಎರಡನೇ ತರಗತಿ ಮಕ್ಕಳಿಗೆ ಪಾಠ ಮಾಡುವವಳು. "ಗೊತ್ತಿಲ್ಲದವರ ಜೊತೆ ಮಾತಾಡಬೇಡಿ" ಅಂತ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ. ಅದು ಸಾಲದು ಅಂತ ಗೊತ್ತಾಗಿದ್ದು ಮಾತ್ರ ಮನೆಯಲ್ಲಿ, ನನ್ನ ಮಗಳಿಂದ.

ಅವಳಿಗಾಗ ಏಳು ವರ್ಷ. ಟ್ಯಾಬ್‌ನಲ್ಲಿ ಮನೆ ಕಟ್ಟುವ ಒಂದು ಆಟ ಆಡುತ್ತಿದ್ದಳು. ಅದರೊಳಗೆ ಚಾಟ್ ಇದೆ ಅನ್ನೋದನ್ನು ನಾನು ನೋಡಿಯೇ ಇರಲಿಲ್ಲ. ಒಂದು ಸಂಜೆ ಅವಳ ಹಿಂದೆ ನಿಂತು ಇಣುಕಿದರೆ ಯಾರೋ ಕೇಳುತ್ತಿದ್ದಾರೆ, "ಯಾವ ಸ್ಕೂಲು? ಫೋಟೋ ಕಳ್ಸು, ಕಾಯಿನ್ಸ್ ಕೊಡ್ತೀನಿ. ಅಮ್ಮಂಗೆ ಹೇಳ್ಬೇಡ." ಮಗಳು ನನ್ನನ್ನು ಕಂಡಕೂಡಲೇ ಟ್ಯಾಬನ್ನು ಹೊಟ್ಟೆಗೆ ಅವಚಿಕೊಂಡಳು. ಎರಡು ವಾರದಿಂದ ಮಾತು ನಡೆದಿತ್ತಂತೆ. ಗೊತ್ತಿಲ್ಲದವರ ಜೊತೆ ಮಾತಾಡಬಾರದು ಅಂದಿದ್ದೆ ಅಲ್ವಾ ಅಂತ ಕೇಳಿದರೆ, "ಅವ್ರು ಗೊತ್ತು, ದಿನಾ ಆಡ್ತೀವಿ" ಅಂದಳು. ಅವಳ ಲೆಕ್ಕದಲ್ಲಿ ಅದು ಸರಿಯೇ. ಎರಡು ವಾರ ಜೊತೆಗೆ ಆಡಿದವರು ಮಗುವಿಗೆ ಹೊರಗಿನವರು ಹೇಗಾಗುತ್ತಾರೆ?

ನನಗೆ ಜಾಸ್ತಿ ಚುಚ್ಚಿದ್ದು ಮುಂದಿನ ಮಾತು. ಯಾಕೆ ಹೇಳಲಿಲ್ಲ ಅಂದೆ. "ಹೇಳಿದ್ರೆ ಟ್ಯಾಬ್ ಕಿತ್ಕೋತೀಯ." ನಿಜ. ಒಂದು ತಿಂಗಳ ಹಿಂದೆ ಯಾವುದೋ ಹೆದರಿಸುವ ವಿಡಿಯೋ ತಾನಾಗೇ ಬಂತು ಅಂತ ಅಳುತ್ತಾ ತೋರಿಸೋಕೆ ಬಂದಾಗ, ನಾನು ಬೈದು ಟ್ಯಾಬ್ ಕಿತ್ತು ಬೀರುವಿನ ಮೇಲಿಟ್ಟಿದ್ದೆ. ಹೇಳಿದರೆ ಶಿಕ್ಷೆ ಅಂತ ಅವಳಿಗೆ ಕಲಿಸಿದ್ದು ನಾನೇ.

ಆ ದಿನ ಬೈಯಲಿಲ್ಲ. ಪಕ್ಕದಲ್ಲಿ ಕೂತೆ. ಮೊದಲು ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದೆವು, ಆಮೇಲೆ ರಿಪೋರ್ಟ್, ಕೊನೆಗೆ ಬ್ಲಾಕ್. ಈ ಕ್ರಮ ನೆನಪಿಡಿ, ಕೆಲವು ಆ್ಯಪ್‌ಗಳಲ್ಲಿ ಬ್ಲಾಕ್ ಮಾಡಿದರೆ ಮಾತುಕತೆಯೇ ಕಾಣಿಸದೆ ಹೋಗುತ್ತದೆ. ಚಾಟ್, ಫ್ರೆಂಡ್ ರಿಕ್ವೆಸ್ಟ್ ಎರಡನ್ನೂ ಆಫ್ ಮಾಡಿದೆ. ಇನ್ನೊಂದು ತಪ್ಪೂ ಆಗ ಸಿಕ್ಕಿತು. ಖಾತೆ ತೆರೆಯುವಾಗ ಸುಮ್ನೆ ನನ್ನ ಹುಟ್ಟಿದ ವರ್ಷ ಹಾಕಿದ್ದೆ. ಹಾಗೆ ಮಾಡಿದರೆ ಆಟ ಅವಳನ್ನು ದೊಡ್ಡವಳು ಅಂತಲೇ ತಿಳಿಯುತ್ತದೆ, ಮಕ್ಕಳಿಗೆ ಅಂತ ಇಟ್ಟ ಕಾವಲು ಅವಳಿಗೆ ಸಿಗುವುದಿಲ್ಲ. ಹೆಚ್ಚಿನ ಸೋಶಿಯಲ್ ಮೀಡಿಯಾ ಆ್ಯಪ್‌ಗಳು ಕನಿಷ್ಠ 13 ವರ್ಷ ಅಂತ ಇಟ್ಟಿವೆ, ಅಲ್ಲೂ ನಾವು ಹೀಗೇ ಸುಳ್ಳು ವರ್ಷ ಹಾಕಿಬಿಡುತ್ತೇವೆ. ಕೊನೆಗೆ ಅವಳಿಗೆ ಒಂದು ಮಾತು ಕೊಟ್ಟೆ: ನೀನಾಗೇ ಬಂದು ಹೇಳಿದ ವಿಷಯಕ್ಕೆ ಟ್ಯಾಬ್ ಹೋಗಲ್ಲ. ಆ ಮಾತು ಉಳಿಸಿಕೊಳ್ಳೋದು ಎಷ್ಟೋ ಸಲ ಕಷ್ಟವಾಗಿದೆ, ಆದರೂ ಉಳಿಸಿಕೊಂಡಿದ್ದೇನೆ.

ತರಗತಿಯಲ್ಲಿ "ಗೊತ್ತಿಲ್ಲದವರು" ಅನ್ನುವ ಪಾಠ ಬಿಟ್ಟೆ. ಮಕ್ಕಳಿಗೆ ತೊಂದರೆ ಕೊಡುವವರಲ್ಲಿ ಹೆಚ್ಚಿನವರು ಮಗುವಿಗೆ ಮೊದಲೇ ಗೊತ್ತಿರುವವರೇ. ಆದ್ದರಿಂದ ಈಗ ಯಾರು ಅಂತ ನೋಡಬೇಡಿ, ಏನು ಕೇಳ್ತಿದ್ದಾರೆ ನೋಡಿ ಅನ್ನುತ್ತೇನೆ. ಸರ್‌ಪ್ರೈಸ್‌ಗೂ ಗುಟ್ಟಿಗೂ ಇರುವ ವ್ಯತ್ಯಾಸ ಹೇಳುತ್ತೇನೆ. ಹುಟ್ಟುಹಬ್ಬದ ಸರ್‌ಪ್ರೈಸ್ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ, ಎಲ್ಲರೂ ನಗುತ್ತಾರೆ. ಯಾವತ್ತೂ ಯಾರಿಗೂ ಹೇಳ್ಬೇಡ ಅಂದರೆ ಅದನ್ನು ಅವತ್ತೇ ಹೇಳಬೇಕು. ಆರು ವರ್ಷದವರಿಗೂ ಇದು ಥಟ್ಟನೆ ಅರ್ಥವಾಗುತ್ತದೆ. ಮೈಯ ಎಲ್ಲ ಭಾಗಗಳ ಸರಿಯಾದ ಹೆಸರೂ ಹೇಳಿಕೊಡುತ್ತೇನೆ. ಹೆಸರೇ ಗೊತ್ತಿಲ್ಲದಿದ್ದರೆ ಮಗು ಏನಾಯಿತು ಅಂತ ಹೇಗೆ ಹೇಳಬೇಕು?

ಆನ್‌ಲೈನ್‌ನಲ್ಲಿ ಒಳ್ಳೆಯ ಮಾತಾಡೋದು ಕಲಿಸೋಕೆ ಫೋನೇ ಬೇಕಾಗಿಲ್ಲ. ನಾನು ಚೀಟಿ ಕೊಡುತ್ತೇನೆ. ತರಗತಿಯ ಒಬ್ಬರಿಗೆ ಮೆಸೇಜ್ ಬರೀರಿ, ಹೆಸರು ಹಾಕಬೇಡಿ ಅನ್ನುತ್ತೇನೆ. ಚೀಟಿಗಳನ್ನು ಮೊದಲು ನಾನೇ ಓದಿಕೊಳ್ಳುತ್ತೇನೆ, ಯಾರ ಅಕ್ಷರ ಅಂತ ನನಗೆ ಗೊತ್ತಾಗುತ್ತದೆ. ಒಂದು ಸಲ ಒಬ್ಬ ಹುಡುಗ ಪಕ್ಕದ ಬೆಂಚಿನವಳಿಗೆ "ನಿನ್ನ ಜೊತೆ ಯಾರೂ ಆಡಲ್ಲ" ಅಂತ ಬರೆದಿದ್ದ. ಅವನೊಬ್ಬನನ್ನೇ ಹೊರಗೆ ಕರೆದೆ. ಇದನ್ನು ಅವಳ ಮುಖ ನೋಡಿ ಹೇಳೋಕೆ ಆಗುತ್ತಾ ಅಂತ ಮೆಲ್ಲಗೆ ಕೇಳಿದೆ. ಚೀಟಿಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತಾ ನಿಂತ, ಬಾಯಿ ಬರಲಿಲ್ಲ. ಬೇರೆ ಬರೀತೀನಿ ಅಂದ. ಪೆನ್ಸಿಲ್ ಕಚ್ಚಿಕೊಂಡು ಎಷ್ಟೋ ಹೊತ್ತು ಕೂತು ಬರೆದದ್ದು ಎರಡೇ ಪದ: "ನಾಳೆ ಆಡೋಣ್ವಾ". ಮುಖದ ಮೇಲೆ ಹೇಳಲಾಗದ್ದನ್ನು ಬರೆಯಬಾರದು ಅನ್ನುವ ನಿಯಮವನ್ನು ಆ ಹುಡುಗನಿಗೆ ನಾನು ಬೋರ್ಡ್ ಮೇಲೆ ಬರೆದು ಹೇಳಬೇಕಾಗಲಿಲ್ಲ.

"ಬೇಡ" ಅನ್ನೋದೂ ಅಷ್ಟೇ, ಆಟದಲ್ಲೇ ಕಲಿಯಬೇಕು. ಕಚಗುಳಿ ಇಡುವಾಗ ಮಗು ನಗುತ್ತಾ ಬೇಡ ಅಂದರೂ ಕೈ ತೆಗೆಯಬೇಕು. ಮುತ್ತು ಕೊಡು, ತಬ್ಬಿಕೋ ಅಂತ ನೆಂಟರ ಮುಂದೆ ಒತ್ತಾಯ ಮಾಡೋದನ್ನು ನಾನು ಪೂರ್ತಿ ಬಿಟ್ಟೆ. ಕೆಲವರಿಗೆ ಬೇಜಾರಾಯಿತು, ಆಗಲಿ.

ಫೋಟೋ ವಿಷಯದಲ್ಲಿ ಮಾತ್ರ ನಾನು ತಡವಾಗಿ ಎಚ್ಚೆತ್ತೆ. ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಒಡಂಬಡಿಕೆಯ 16ನೇ ವಿಧಿಯಲ್ಲೇ ಮಗುವಿನ ಖಾಸಗಿತನದ ಮಾತಿದೆ, ಅದನ್ನು ತರಬೇತಿಯಲ್ಲಿ ಓದಿದ್ದೆ ಕೂಡ. ಆದರೂ ಮಗಳ ಫೋಟೋ ಕೇಳದೆ ಸ್ಟೇಟಸ್‌ಗೆ ಹಾಕುತ್ತಲೇ ಇದ್ದೆ. ಈಗ ಕೇಳುತ್ತೇನೆ. ಮೊನ್ನೆ ಹಲ್ಲು ಬಿದ್ದ ಬಾಯಿ ತೆರೆದು ನಗುವ ಒಂದು ಫೋಟೋ ತೋರಿಸಿದೆ, ನನಗೆ ತುಂಬಾ ಇಷ್ಟವಾಗಿತ್ತು. ಅವಳು ದೊಡ್ಡದು ಮಾಡಿ ನೋಡಿದಳು. "ಇದು ಬೇಡ. ನೀನಿಟ್ಕೋ, ಯಾರಿಗೂ ಕಳಿಸ್ಬೇಡ" ಅಂದಳು. ಕಳಿಸಲಿಲ್ಲ.