ಗಾರ್ಮೆಂಟ್ಸ್‌ನ ಹೊಲಿಗೆ ಲೈನಲ್ಲಿ ಬೈಗುಳ ಶುರುವಾದರೆ ಆವತ್ತೇ ಏನು ಮಾಡಬೇಕು?

ಗಾರ್ಮೆಂಟ್ಸ್‌ನಲ್ಲಿ ಯಾರೂ ಮೊದಲ ದಿನವೇ ಕೈ ಎತ್ತುವುದಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಟಾರ್ಗೆಟ್ ಹಿಂದೆ ಬಿದ್ದಿರುತ್ತದೆ, ಮೇಲಿನವರು ಸೂಪರ್‌ವೈಸರ್ ಮೇಲೆ ಕೂಗಿರುತ್ತಾರೆ, ಅವರು ಬಂದು ಟೈಲರ್ ಮೇಲೆ ಕೂಗುತ್ತಾರೆ. ಮೊದಲು ಏಕವಚನ. ಆಮೇಲೆ ಅಮ್ಮ ಅಕ್ಕನನ್ನು ಎಳೆದು ತಂದು ಬೈಗುಳ. ಒಂದು ದಿನ ಚೆಕಿಂಗ್‌ನಿಂದ ವಾಪಸ್ ಬಂದ ಕಾಲರ್ ಬಂಡಲ್ ಮುಖಕ್ಕೇ ಬೀಳುತ್ತದೆ. ಬಂಡಲ್ ಬಿದ್ದಾಗ ಇಡೀ ಲೈನ್ ಬೆಚ್ಚುತ್ತದೆ. ಏಕವಚನ ಬಂದ ದಿನವೇ ಬೆಚ್ಚಬೇಕಿತ್ತು, ಅಲ್ವಾ?

ಅದಕ್ಕೇ ಮೊದಲ ಕೆಲಸ, ಬರೆದಿಡಿ. ಆವತ್ತೇ, ಮನೆಗೆ ಹೋಗುವ ಬಸ್ಸಲ್ಲೇ. ತಾರೀಕು, ಗಂಟೆ, ಪಕ್ಕದ ಮಷೀನಲ್ಲಿ ಯಾರಿದ್ದರು, ಆಡಿದ ಮಾತು ಏನು. ಬಾಯಲ್ಲಿ ಹೇಳಲು ನಾಚಿಕೆಯಾಗುವ ಮಾತಾದರೂ ಇದ್ದ ಹಾಗೇ ಬರೆಯಿರಿ. ಬರೆಯಲು ಬಾರದಿದ್ದರೆ ನಂಬಿಕೆಯವರಿಗೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳಿಸಿ, ದಿನ, ಸಮಯ ಅದರಲ್ಲೇ ಉಳಿಯುತ್ತದೆ.

ಆಮೇಲೆ ಯಾರ ಹತ್ತಿರ ಹೋಗಬೇಕು ನೋಡಿ. ಮೈ ಮುಟ್ಟುವುದು, ಡಬಲ್ ಮೀನಿಂಗ್ ಮಾತು, ಇಂಥದ್ದಕ್ಕೆ ಆಂತರಿಕ ಸಮಿತಿ. 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಅದು ಇರಲೇಬೇಕು ಎನ್ನುತ್ತದೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಅಧ್ಯಕ್ಷರು ಮಹಿಳೆಯೇ ಆಗಿರಬೇಕು. ದೂರು ಕೊಡಲು 3 ತಿಂಗಳು ಸಮಯ, ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಬರೆಯಲು ಆಗದವರಿಗೆ ಸಮಿತಿಯವರೇ ನೆರವಾಗಬೇಕು. ಓನರ್ ಮೇಲೆಯೇ ದೂರಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ: ವಿಚಾರಣೆ ಮುಗಿಯುವ ತನಕ ಆ ಮನುಷ್ಯನನ್ನು ಬೇರೆ ಕಡೆ ಹಾಕಿ ಅಂತ ನೀವು ಲಿಖಿತವಾಗಿ ಕೇಳಬಹುದು, ಇಲ್ಲವೇ 3 ತಿಂಗಳವರೆಗೆ ರಜೆ ಕೇಳಬಹುದು.

ಬರೀ ಬೈಗುಳ, ಬೆದರಿಕೆಯಾದರೆ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಇರಬೇಕಾದ ಕುಂದುಕೊರತೆ ಸಮಿತಿಗೆ ದೂರು ಕೊಡಿ. ಯೂನಿಯನ್ ಇದ್ದರೆ ಅವರಿಗೂ ಹೇಳಿ.

ಕೈ ಮಾಡಿದರೆ ಕಾಯಬೇಡಿ. 112ಕ್ಕೆ ಫೋನ್ ಮಾಡಿ, ಸರ್ಕಾರಿ ಆಸ್ಪತ್ರೆಗೆ ಹೋಗಿ. ಕೆಲಸ ಹೋಗುತ್ತೆ ಅನ್ನೋ ಭಯಕ್ಕೆ ಡಾಕ್ಟರ್ ಮುಂದೆ "ಜಾರಿ ಬಿದ್ದೆ" ಅಂದುಬಿಟ್ಟರೆ ದಾಖಲೆಯಲ್ಲಿ ಅದೇ ನಿಲ್ಲುತ್ತದೆ. ಹೊಡೆದರು ಎಂದೇ ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ಆಸ್ಪತ್ರೆ ದಾಖಲೆ) ಮಾಡಿಸಿ.

ಮ್ಯಾನೇಜ್‌ಮೆಂಟಿನವರಿಗೂ ಒಂದು ಮಾತು. ಆಗದ ಟಾರ್ಗೆಟ್ ಬೋರ್ಡಲ್ಲಿ ಬರೆದು, ಆಮೇಲೆ ಸೂಪರ್‌ವೈಸರ್‌ಗೆ ಸಮಾಧಾನದ ಟ್ರೈನಿಂಗ್ ಕೊಟ್ಟರೆ ಏನೂ ಬದಲಾಗುವುದಿಲ್ಲ. ಮೊದಲು ಆ ಸಂಖ್ಯೆ ಇಳಿಸಿ.

ಎಚ್‌ಆರ್ ರೂಮಿಗೆ ಒಬ್ಬರೇ ಹೋಗಬೇಡಿ, ಲೈನಿನ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ದೂರಿನ ಇನ್ನೊಂದು ಪ್ರತಿಗೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೇ ಬನ್ನಿ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ. ಅದರ ಮೇಲೆ ನಿಮ್ಮ ರಾಜೀನಾಮೆ ಬರೆದುಕೊಳ್ಳುವುದು ಎರಡು ನಿಮಿಷದ ಕೆಲಸ.