ಕ್ರೂಸ್ ಹಡಗಿನ ಕೀ ಕಾರ್ಡ್: ಕೊರಳಿಗೋ, ಕೈಗೋ, ಜೇಬಿಗೋ

ಕ್ರೂಸ್ ಹಡಗಿನಲ್ಲಿ ಕೊಡುವ ಕೀ ಕಾರ್ಡ್ ಕ್ಯಾಬಿನ್ನಿನ ಬಾಗಿಲು ತೆಗೆಯಲು ಮಾತ್ರ ಬೇಕಾಗುವ ವಸ್ತುವಾಗಿದ್ದರೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಇಷ್ಟು ಯೋಚಿಸಬೇಕಾಗಿರಲಿಲ್ಲ. ಬಂದರಿನಲ್ಲಿ ಇಳಿಯುವಾಗ, ಮತ್ತೆ ಹತ್ತುವಾಗ ನಮ್ಮ ಗುರುತು ಹಿಡಿಯುವುದು ಅದರಿಂದಲೇ. ಹಡಗಿನೊಳಗೆ ಏನು ಕೊಂಡರೂ ಲೆಕ್ಕ ಸೇರುವುದು ಅದರ ಮೇಲೆಯೇ. ಹಲವು ಹಡಗುಗಳಲ್ಲಿ ಈಜುಕೊಳದ ಟವೆಲ್ ಪಡೆಯಲೂ ಅದನ್ನು ಕೊಡಬೇಕು, ಟವೆಲ್ ಹಿಂತಿರುಗಿಸುವಾಗಲೂ ಕೊಡಬೇಕು. ದಿನಕ್ಕೆ ಹತ್ತು ಹದಿನೈದು ಸಲ ಕೈಗೆ ಬರಬೇಕಾದ, ಉಳಿದ ಹೊತ್ತೆಲ್ಲ ಕಣ್ಣಿಗೆ ಬೀಳದಂತಿರಬೇಕಾದ ವಸ್ತು ಅದು. ನಾಲ್ಕು ಪ್ರಯಾಣಗಳಲ್ಲಿ ನಾನು, ನಮ್ಮ ಮನೆಯವರು, ನನ್ನ ತಾಯಿ, ಎಂಟು ವರ್ಷದ ಮಗಳು ಸೇರಿ ಅದನ್ನು ಇಟ್ಟುಕೊಳ್ಳಲು ಇರುವ ಹೆಚ್ಚು ಕಡಿಮೆ ಎಲ್ಲ ಬಗೆಗಳನ್ನೂ ಪ್ರಯತ್ನಿಸಿ ನೋಡಿದ್ದೇವೆ. ಆ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಯಾಣದಲ್ಲಿ ನಾನು ಕಾರ್ಡನ್ನು ಮೊಬೈಲಿನ ಹಿಂಬದಿಗೆ ಅಂಟಿಕೊಳ್ಳುವ ಚಿಕ್ಕ ಚೀಲದಲ್ಲಿ ಇಟ್ಟುಕೊಂಡಿದ್ದೆ. ಮೊಬೈಲ್ ಹೇಗೂ ಕೈಯಲ್ಲೇ ಇರುತ್ತದೆ, ಕಾರ್ಡೂ ಅದರ ಜೊತೆ ಇರಲಿ ಎಂಬ ಲೆಕ್ಕಾಚಾರ. ಮೊದಲ ದಿನ ಸಂಜೆಯೇ ಬಾಗಿಲು ತೆರೆಯಲಿಲ್ಲ. ಐದು ಡೆಕ್ ಕೆಳಗಿದ್ದ ರಿಸೆಪ್ಷನ್ನಿಗೆ ಹೋಗಿ ಕಾರ್ಡನ್ನು ಸರಿಮಾಡಿಸಿಕೊಂಡು ಬಂದೆ. ಮರುದಿನ ಮಧ್ಯಾಹ್ನ ಮತ್ತೆ ಅದೇ ಆಯಿತು. ಮೂರನೆಯ ಸಲ ಹೋದಾಗ ಕೌಂಟರಿನಲ್ಲಿದ್ದ ಯುವತಿ ನನ್ನ ಮೊಬೈಲನ್ನು ನೋಡಿ, ಆ ಚೀಲ ಮೊಬೈಲಿಗೆ ಅಂಟಿಕೊಂಡಿರುವುದು ಆಯಸ್ಕಾಂತದಿಂದ, ಕಾರ್ಡಿನ ಕಪ್ಪು ಪಟ್ಟಿಯಲ್ಲಿ ಬರೆದ ಮಾಹಿತಿಯನ್ನು ಅಳಿಸುತ್ತಿರುವುದೂ ಅದೇ ಆಯಸ್ಕಾಂತ ಎಂದು ತಿಳಿಸಿಕೊಟ್ಟರು. ಅದೇ ಚೀಲದಲ್ಲಿದ್ದ ಬ್ಯಾಂಕಿನ ಕಾರ್ಡಿಗೆ ಮಾತ್ರ ಏನೂ ಆಗಿರಲಿಲ್ಲ. ಇದರ ಕಾರಣವನ್ನು ಆಮೇಲೆ ತಿಳಿದುಕೊಂಡೆ. ಬಾಗಿಲಿನ ಕಾರ್ಡುಗಳನ್ನು ಪ್ರಯಾಣಿಕರು ಬದಲಾದಂತೆ ಮತ್ತೆ ಮತ್ತೆ ಬರೆಯಬೇಕಾಗುವುದರಿಂದ ಅವುಗಳ ಪಟ್ಟಿಯನ್ನು ಸುಲಭವಾಗಿ ಅಳಿಸಿ ಬರೆಯುವಂತೆಯೇ ಮಾಡಿರುತ್ತಾರೆ. ಅದು ಸುಮಾರು 300 ಅರ್ಸ್ಟೆಡ್‌ನಷ್ಟು ಕಾಂತಬಲಕ್ಕೇ ಮಣಿಯುತ್ತದೆ. ಬ್ಯಾಂಕಿನ ಕಾರ್ಡಿನ ಪಟ್ಟಿಯನ್ನು ಅಳಿಸಲು 2750 ಅರ್ಸ್ಟೆಡ್ ಅಥವಾ ಅದಕ್ಕಿಂತ ಹೆಚ್ಚು ಬೇಕು. ಹಾಗಾಗಿ ಹಿಂಬದಿಯಲ್ಲಿ ಕಪ್ಪು ಅಥವಾ ಕಂದು ಪಟ್ಟಿಯಿರುವ ಕೀ ಕಾರ್ಡ್ ಸಿಕ್ಕಿದರೆ ಮೊಬೈಲ್ ಕವರ್, ಆಯಸ್ಕಾಂತದ ಗುಂಡಿಯಿರುವ ಪರ್ಸು, ಅಂಥದೇ ಗುಂಡಿಯ ಕೈಚೀಲ ಇವೆಲ್ಲವನ್ನೂ ನಾನು ಮೊದಲೇ ದೂರವಿಡುತ್ತೇನೆ.

ಆಯಸ್ಕಾಂತದ ಮಾತು ಬಂದಿರುವುದರಿಂದ ಇನ್ನೊಂದು ಸಂಗತಿ. ಹಡಗಿನ ಕ್ಯಾಬಿನ್ನಿನ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು, ಆದ್ದರಿಂದ ಅನುಭವಿಗಳು ಬಟ್ಟೆ, ಟೋಪಿ ತೂಗುಹಾಕಲು ಆಯಸ್ಕಾಂತದ ಕೊಕ್ಕೆಗಳನ್ನು ತರುತ್ತಾರೆ. ನಾನೂ ತಂದಿದ್ದೆ. ಕಾರ್ಡನ್ನು ಕೊರಳಿಗೆ ಹಾಕಿಕೊಳ್ಳುವ ಪಟ್ಟಿಯ ಸಮೇತ ಬಾಗಿಲ ಪಕ್ಕದ ಕೊಕ್ಕೆಗೆ ನೇತುಹಾಕುವುದು ಒಳ್ಳೆಯ ಅಭ್ಯಾಸವೇ, ಆದರೆ ಆ ಕೊರಳಪಟ್ಟಿ ಉದ್ದವಾಗಿರಬೇಕು. ಕಾರ್ಡು ಕೊಕ್ಕೆಗಿಂತ ಒಂದು ಗೇಣಾದರೂ ಕೆಳಗೆ ತೂಗುತ್ತಿದ್ದರೆ ತೊಂದರೆಯಿಲ್ಲ. ಗಿಡ್ಡ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಆಯಸ್ಕಾಂತಕ್ಕೆ ತಾಗುವಂತೆ ಇಟ್ಟರೆ ಬೆಳಿಗ್ಗೆಯ ಹೊತ್ತಿಗೆ ಅದು ಬರಿಯ ಪ್ಲಾಸ್ಟಿಕ್ ತುಂಡಾಗಿರಬಹುದು.

ಎರಡನೆಯ ಪ್ರಯಾಣದ ಹಡಗಿನಲ್ಲಿ ಕಾರ್ಡನ್ನು ಬೀಗದ ಮುಂದೆ ಹಿಡಿದರೆ ಸಾಕಿತ್ತು. ಅದರೊಳಗಿದ್ದದ್ದು ಚಿಕ್ಕದೊಂದು ಎಲೆಕ್ಟ್ರಾನಿಕ್ ಚಿಪ್ ಮತ್ತು ಅದಕ್ಕೆ ಕೂಡಿಕೊಂಡ ತಂತಿಯ ಸುರುಳಿ. ಬೀಗದಿಂದ ಹೊಮ್ಮುವ ರೇಡಿಯೋ ಅಲೆಯಿಂದಲೇ ಚಿಪ್ಪಿಗೆ ವಿದ್ಯುತ್ತು ಸಿಗುವುದರಿಂದ ಕಾರ್ಡಿನಲ್ಲಿ ಬ್ಯಾಟರಿ ಇರುವುದಿಲ್ಲ. ಇದಕ್ಕೆ ಆಯಸ್ಕಾಂತದ ಭಯವಿಲ್ಲವೆಂದು ತಿಳಿದು ನೆಮ್ಮದಿಯಿಂದಿದ್ದೆ. ಕೊರಳಪಟ್ಟಿಗೆ ಸಿಕ್ಕಿಸಲು ಕಾರ್ಡಿನಲ್ಲಿ ತೂತು ಬೇಕಾಗಿತ್ತು, ಕಾಗದಕ್ಕೆ ತೂತು ಹೊಡೆಯುವ ಚಿಕ್ಕ ಪಂಚ್ ನನ್ನ ಬಳಿ ಇತ್ತು. ಗಿಡ್ಡ ಅಂಚಿನ ಮಧ್ಯದಲ್ಲಿ ಒತ್ತಿದೆ. ಆ ಗಳಿಗೆಯಿಂದ ಕಾರ್ಡು ಕೆಲಸ ಮಾಡಲಿಲ್ಲ. ಹೊಸ ಕಾರ್ಡು ಕೊಟ್ಟ ಮೇಲೆ ಹಳೆಯದನ್ನು ಕತ್ತಲಲ್ಲಿ ಮೊಬೈಲಿನ ಟಾರ್ಚಿಗೆ ಒತ್ತಿ ಹಿಡಿದು ನೋಡಿದೆ. ಬಿಳಿಯ ಪ್ಲಾಸ್ಟಿಕ್ಕಿನೊಳಗೆ, ಅಂಚಿನುದ್ದಕ್ಕೂ, ಕೂದಲಿನಷ್ಟು ತೆಳ್ಳಗಿನ ನಾಲ್ಕೈದು ಗೆರೆಗಳು ಒಂದರ ಪಕ್ಕ ಒಂದು ಸುತ್ತಿಕೊಂಡು ಹೋಗಿದ್ದವು. ನಾನು ಹೊಡೆದ ತೂತು ಆ ಗೆರೆಗಳನ್ನೆಲ್ಲ ಒಂದೇ ಏಟಿಗೆ ತುಂಡರಿಸಿತ್ತು. ಅಂದಿನಿಂದ ಯಾವ ಕಾರ್ಡಿಗೂ ನಾನಾಗಿ ತೂತು ಹೊಡೆದಿಲ್ಲ. ಹಲವು ಹಡಗುಗಳಲ್ಲಿ ರಿಸೆಪ್ಷನ್ನಿನವರೇ ಹೊಡೆದುಕೊಡುತ್ತಾರೆ. ತಮ್ಮ ಕಾರ್ಡಿನಲ್ಲಿ ಯಾವ ಜಾಗ ಖಾಲಿ ಎಂಬುದು ಅವರಿಗೆ ಗೊತ್ತಿರುತ್ತದೆ. ಈಗ ನನಗೆ ಅದರ ಅಗತ್ಯವೂ ಉಳಿದಿಲ್ಲ. ಕಾರ್ಡಿನ ಬದಲು ಕಾರ್ಡು ಹಾಕುವ ಪಾರದರ್ಶಕ ಕವಚಕ್ಕೇ ತೂತಿದ್ದರೆ ಸಾಕು. ಕೀ ಕಾರ್ಡುಗಳು ಸಾಮಾನ್ಯವಾಗಿ ಬ್ಯಾಂಕಿನ ಕಾರ್ಡಿನ ಅಳತೆಯವೇ, ಅಂದರೆ 85.6 ಮಿಲಿಮೀಟರ್ ಉದ್ದ, ಸುಮಾರು 54 ಮಿಲಿಮೀಟರ್ ಅಗಲ. ಗುರುತಿನ ಚೀಟಿಗೆಂದು ಸಿಗುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಸರಿಯಾಗಿ ಹೊಂದುತ್ತದೆ. ಚಿಪ್ಪಿನ ಕಾರ್ಡನ್ನು ಕವಚದಿಂದ ತೆಗೆಯಬೇಕಾಗಿಯೂ ಇಲ್ಲ, ಹಾಗೆಯೇ ಬೀಗಕ್ಕೆ ಹಿಡಿಯಬಹುದು. ಒಂದು ಎಚ್ಚರಿಕೆ: ಒಂದೇ ಕವಚದಲ್ಲಿ ಇಬ್ಬರ ಕಾರ್ಡುಗಳನ್ನು ಜೋಡಿಸಿಟ್ಟರೆ ಬೀಗ ಎರಡರಲ್ಲಿ ಯಾವುದನ್ನೂ ಓದದೆ ಸುಮ್ಮನಿರಬಹುದು.

ಕೊರಳಪಟ್ಟಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಹೊಳೆಯುವುದರಲ್ಲಿ ತಪ್ಪಿಲ್ಲ, ಜೇಬಿಲ್ಲದ ಉಡುಪಿನವರಿಗೆ ಅದರಷ್ಟು ಅನುಕೂಲ ಬೇರೆಯಿಲ್ಲ. ಆದರೆ ನನ್ನ ತಾಯಿಗೆ ಅದು ಮೊದಲ ಊಟಕ್ಕೇ ಬೇಸರವಾಯಿತು. “ಬಗ್ಗಿದಾಗಲೆಲ್ಲ ತಟ್ಟೆಗೆ ಬೀಳತ್ತಲ್ಲೇ ಇದು, ಬೇರೆ ಏನಾದರೂ ಕೊಡೇ” ಎಂದರು. ಅದಕ್ಕಿಂತ ಮುಖ್ಯವಾದದ್ದು ಮರುದಿನ ನಡೆಯಿತು. ಡೆಕ್ ಮೇಲಿನ ಒರಗು ಕುರ್ಚಿಯಿಂದ ಏಳುವಾಗ ಪಟ್ಟಿ ಕುರ್ಚಿಯ ತೋಳಿಗೆ ಸಿಕ್ಕಿಕೊಂಡು ಅವರ ಕುತ್ತಿಗೆಯನ್ನು ಹಿಂದಕ್ಕೆ ಎಳೆಯಿತು. ಹಿಂಭಾಗದಲ್ಲಿ, ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಕೊಂಡಿ ಇದ್ದ ಪಟ್ಟಿಯನ್ನೇ ಕೊಂಡಿದ್ದರಿಂದ ಅದು ಕಳಚಿತು, ಅವರಿಗೆ ಏನೂ ಆಗಲಿಲ್ಲ. ವಯಸ್ಸಾದವರಿಗೆ, ಮಕ್ಕಳಿಗೆ ಕೊಡುವ ಕೊರಳಪಟ್ಟಿಯಲ್ಲಿ ಆ ಕೊಂಡಿ ಇರಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ತಾಯಿಗೆ ಕೊನೆಗೆ ಹಿಡಿಸಿದ್ದು ಸೊಂಟಕ್ಕೆ ಸಿಕ್ಕಿಸುವ ಸುರುಳಿ ಕ್ಲಿಪ್ಪು. ಎಳೆದರೆ ದಾರ ಉದ್ದವಾಗುತ್ತದೆ, ಬಿಟ್ಟರೆ ಒಳಗೆ ಸುತ್ತಿಕೊಳ್ಳುತ್ತದೆ, ಕಾರ್ಡು ಅದರಿಂದ ಬೇರೆಯಾಗುವ ಪ್ರಸಂಗವೇ ಬರುವುದಿಲ್ಲ. ಬೀಗದ ಎತ್ತರ ಸೊಂಟದ ಮಟ್ಟದಲ್ಲೇ ಇರುವುದರಿಂದ ಬಗ್ಗದೆ ಬಾಗಿಲು ತೆಗೆಯಬಹುದು.

ನೀರಿನ ಜಾಗದಲ್ಲಿ ಮಾತ್ರ ಈ ಯಾವುದೂ ಆಗುವುದಿಲ್ಲ. ನೀರಿನ ಜಾರುಬಂಡೆಗೆ ಕೊರಳಲ್ಲಿ ಏನಾದರೂ ನೇತಾಡುತ್ತಿದ್ದರೆ ಬಿಡುವುದಿಲ್ಲ, ಬಿಡಲೂಬಾರದು. ನಮ್ಮ ಮನೆಯವರು ಕಾರ್ಡನ್ನು ಟವೆಲಿನಲ್ಲಿ ಸುತ್ತಿ ಕುರ್ಚಿಯ ಮೇಲಿಟ್ಟು ಈಜಲು ಹೋದರು. ಬಂದು ಮೈ ಒರೆಸಿಕೊಂಡು, ಒದ್ದೆ ಟವೆಲನ್ನು ಬಳಸಿದ ಟವೆಲುಗಳ ತೊಟ್ಟಿಗೆ ಹಾಕಿ ಹತ್ತು ಹೆಜ್ಜೆ ನಡೆದ ಮೇಲೆ ಅವರಿಗೆ ಕಾರ್ಡಿನ ನೆನಪಾಯಿತು. ತೊಟ್ಟಿಯಲ್ಲಿದ್ದ ಒಂದೊಂದೇ ಟವೆಲನ್ನು ಅಲ್ಲಿನ ಸಿಬ್ಬಂದಿಯೊಬ್ಬರು ನಮ್ಮ ಜೊತೆ ನಿಂತು ಕೊಡವಿ ಹುಡುಕಿಕೊಟ್ಟರು; ಅವರ ತಾಳ್ಮೆ ಇಂದಿಗೂ ನೆನಪಿದೆ. ಅಲ್ಲಿಂದ ಮುಂದೆ ಈಜುಕೊಳಕ್ಕೆ ನಾವು ಬಳಸುವುದು ಓಟಗಾರರು ತೊಡುವಂಥ, ಜಿಪ್ ಇರುವ ಅಗಲವಾದ ಮಣಿಕಟ್ಟಿನ ಪಟ್ಟಿಯನ್ನು. ಕಾರ್ಡು ಉದ್ದುದ್ದವಾಗಿ ಒಳಗೆ ಕೂರುತ್ತದೆ. ನೀರು ತಾಗಿದರೆ ಕಾರ್ಡಿಗೆ ಹಾನಿಯಿಲ್ಲ, ಅದು ಪ್ಲಾಸ್ಟಿಕ್ಕೇ. ಆದರೆ ಕಾರ್ಡು ಬಾಗುವಷ್ಟು ಬಿಗಿಯಾಗಿ ಕಟ್ಟಬಾರದು, ಮತ್ತೆ ಮತ್ತೆ ಬಾಗಿದರೆ ಒಳಗಿನ ಸುರುಳಿ ಮುರಿಯುತ್ತದೆ. ಮಗಳ ತೆಳ್ಳಗಿನ ಮಣಿಕಟ್ಟಿಗೆ ಇದು ದೊಡ್ಡದಾಯಿತು, ಅವಳಿಗೆ ತೋಳಿಗೆ ಕಟ್ಟಿದೆವು.

ಮೂರನೆಯ ಪ್ರಯಾಣದ ಹೊತ್ತಿಗೆ ನನಗೆ ಒಂದು ವಿಷಯ ಸ್ಪಷ್ಟವಾಗಿತ್ತು. ನಮ್ಮ ಕಾರ್ಡುಗಳು ಕಾಣೆಯಾದದ್ದು ಓಡಾಡುವಾಗಲ್ಲ, ಬಟ್ಟೆ ಬದಲಿಸುವಾಗ. ಈಜುಡುಗೆಯಿಂದ ಊಟದ ಉಡುಪಿಗೆ, ಅದರಿಂದ ಮರುದಿನ ಹೊರಗೆ ತಿರುಗಾಡುವ ಪ್ಯಾಂಟಿಗೆ ಬದಲಾಗುವ ಪ್ರತಿ ಸಲವೂ ಕಾರ್ಡು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗಬೇಕು; ಒಂದು ಸಲ ಮರೆತರೂ ಬಾಗಿಲು ಹಿಂದೆ ಮುಚ್ಚಿಕೊಂಡು ಬೀಗ ಬೀಳುತ್ತದೆ. ಆದ್ದರಿಂದ ಈಗ ಪ್ರತಿಯೊಬ್ಬರ ಕಾರ್ಡೂ ಪ್ರಯಾಣ ಮುಗಿಯುವವರೆಗೆ ಅವರವರ ಕವಚದಲ್ಲೇ ಇರುತ್ತದೆ, ಕವಚದ ತುದಿಗೆ ಒಂದು ಚಿಕ್ಕ ಕೊಂಡಿ ಇರುತ್ತದೆ. ಆ ಕೊಂಡಿ ಕೊರಳಪಟ್ಟಿಗೂ ಸೇರುತ್ತದೆ, ಸುರುಳಿ ಕ್ಲಿಪ್ಪಿಗೂ ಸೇರುತ್ತದೆ, ಕೈಚೀಲದ ಒಳಗಿನ ಉಂಗುರಕ್ಕೂ ಸೇರುತ್ತದೆ. ಕವಚಕ್ಕೆ ಎದ್ದು ಕಾಣುವ ಬಣ್ಣ ಇರಲಿ. ನನ್ನದು ಕಿತ್ತಳೆ, ಮಗಳದು ಹಳದಿ. ಕ್ಯಾಬಿನ್ನಿಗೆ ಬಂದ ಕೂಡಲೇ ಬಾಗಿಲ ಪಕ್ಕದ ಕೊಕ್ಕೆಗೆ ಹಾಕುವುದು, ಹೊರಡುವಾಗ ಅಲ್ಲಿಂದಲೇ ತೆಗೆಯುವುದು. ಮೇಜಿನ ಮೇಲೆ, ಹಾಸಿಗೆಯ ಮೇಲೆ, ಸ್ನಾನದ ಮನೆಯಲ್ಲಿ ಇಡುವುದೇ ಇಲ್ಲ. ಈಜಲು ಹೋಗುವಾಗ ಮಾತ್ರ ಕಾರ್ಡು ಕವಚ ಬಿಟ್ಟು ಮಣಿಕಟ್ಟಿಗೆ ಹೋಗುತ್ತದೆ, ಖಾಲಿ ಕವಚ ಕೊಕ್ಕೆಯಲ್ಲೇ ತೂಗುತ್ತಿರುತ್ತದೆ; ಬಂದವರಿಗೆ ಮೊದಲು ಕಾಣುವುದು ಅದೇ ಆದ್ದರಿಂದ ಕಾರ್ಡು ತಾನಾಗಿ ಸ್ವಸ್ಥಾನಕ್ಕೆ ಮರಳುತ್ತದೆ. ಎರಡು ಪ್ರಯಾಣಗಳಿಂದ ಈ ಏರ್ಪಾಡು ತಪ್ಪಿಲ್ಲ.

ಕೆಲವು ಹಡಗುಗಳಲ್ಲಿ ಕ್ಯಾಬಿನ್ನಿನ ದೀಪ ಉರಿಯಲು ಬಾಗಿಲ ಬಳಿಯ ಗೂಡಿಗೆ ಕಾರ್ಡು ಸಿಕ್ಕಿಸಬೇಕು. ಒಬ್ಬರ ಕಾರ್ಡು ಅಲ್ಲೇ ಸಿಕ್ಕಿಕೊಂಡರೆ, ಇಬ್ಬರು ಬೇರೆ ಬೇರೆ ಹೊತ್ತಿಗೆ ಹೊರಡುವಾಗ ಗೊಂದಲವಾಗುತ್ತದೆ. ಅನೇಕ ಗೂಡುಗಳಿಗೆ ಅದೇ ಅಳತೆಯ ಯಾವ ಕಾರ್ಡಾದರೂ ಸಾಕಾಗುವುದರಿಂದ ಹಿಂದಿನ ಪ್ರಯಾಣದ ಹಳೆಯ ಕಾರ್ಡೊಂದನ್ನು ಅದಕ್ಕೆಂದೇ ಒಯ್ಯುತ್ತೇನೆ.

ಬಂದರಿನಲ್ಲಿ ಇಳಿದ ಮೇಲೆ ಕೊರಳಪಟ್ಟಿ ಬೇಡ. ಕಾರ್ಡಿನ ಮೇಲೆ ಸಾಮಾನ್ಯವಾಗಿ ನಮ್ಮ ಹೆಸರು, ಹಡಗಿನ ಹೆಸರು, ಪ್ರಯಾಣದ ದಿನಾಂಕ ಇರುತ್ತವೆ. ಎದೆಯ ಮೇಲೆ ತೂಗುಹಾಕಿಕೊಂಡರೆ ನಾವು ಯಾರು, ಎಂದು ಹೊರಡುವವರು ಎಂಬುದನ್ನು ಬೀದಿಗೆಲ್ಲ ಹೇಳಿದಂತೆ. ಗ್ಯಾಂಗ್‌ವೇಯಲ್ಲಿ, ಅಂದರೆ ಹಡಗು ಹತ್ತಿಳಿಯುವ ಸೇತುವೆಯ ಬಳಿ, ಕಾರ್ಡು ಓದಿಸಿ, ಯಂತ್ರ ಸದ್ದು ಮಾಡಿದ ಕೂಡಲೇ ಕೈಚೀಲದ ಒಳಜೇಬಿಗೆ, ಫೋಟೋ ಇರುವ ಗುರುತಿನ ಚೀಟಿಯ ಜೊತೆಗೆ ಸೇರಿಸಿ ಜಿಪ್ ಎಳೆಯುತ್ತೇನೆ. ಹಿಂದಿರುಗುವಾಗ ಕೆಲವು ಬಂದರುಗಳ ಗೇಟಿನಲ್ಲಿ ಇವೆರಡನ್ನೂ ಕೇಳುತ್ತಾರೆ. ಕಾರ್ಡಿನ ಮೇಲೆ ಕ್ಯಾಬಿನ್ ಸಂಖ್ಯೆಯನ್ನು ಬಹುತೇಕ ಮುದ್ರಿಸದೆ ಇರುವುದು ಕಳೆದುಹೋದ ಕಾರ್ಡಿನಿಂದ ಯಾರೂ ಒಳನುಗ್ಗದಿರಲಿ ಎಂಬ ಕಾರಣಕ್ಕೆ. ನೆನಪಿಗೆಂದು ಅದರ ಮೇಲೆ ಸಂಖ್ಯೆ ಬರೆದುಕೊಳ್ಳುವುದು, ಸಂಖ್ಯೆ ಬರೆದಿರುವ ಕಾಗದದ ಲಕೋಟೆಯನ್ನೂ ಅದರ ಜೊತೆ ಇಟ್ಟುಕೊಳ್ಳುವುದು ಎರಡೂ ತಪ್ಪು. ತಾಯಿಗೆ ಸಂಖ್ಯೆ ಮರೆಯುತ್ತದೆಂದು ಅವರ ಮೊಬೈಲಿನಲ್ಲಿ ಬರೆದುಕೊಟ್ಟಿದ್ದೇನೆ.

ಮಕ್ಕಳ ಕಾರ್ಡನ್ನು ತಂದೆತಾಯಿಯರೇ ಇಟ್ಟುಕೊಳ್ಳುವುದು ಸುಲಭವೆನಿಸುತ್ತದೆ, ನನಗೂ ಹಾಗೆಯೇ ಅನಿಸಿತ್ತು. ಮನಸ್ಸು ಬದಲಾದದ್ದು ಮಸ್ಟರ್ ಕವಾಯತಿನ, ಅಂದರೆ ಅಪಾಯದ ವೇಳೆ ಒಂದೆಡೆ ಸೇರುವುದನ್ನು ಅಭ್ಯಾಸ ಮಾಡಿಸುವ ಹೊತ್ತಿನಲ್ಲಿ. ಅಪಾಯದ ವೇಳೆ ಯಾರು ಎಲ್ಲಿ ಸೇರಬೇಕೆಂಬ ಜಾಗದ ಅಕ್ಷರ ಅಥವಾ ಸಂಖ್ಯೆಯನ್ನು ಹಲವು ಹಡಗುಗಳಲ್ಲಿ ಕಾರ್ಡಿನ ಮೇಲೆಯೇ ಮುದ್ರಿಸಿರುತ್ತಾರೆ, ಅಲ್ಲಿಗೆ ಹೋದಾಗ ಕಾರ್ಡು ಓದಿಸಿ ಹಾಜರಿ ಹಾಕುತ್ತಾರೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು ವಾಲಿ 32 ಜನರು ಸತ್ತಾಗ, ಆ ದಿನವೇ ಹತ್ತಿದ್ದ ಪ್ರಯಾಣಿಕರಿಗೆ ಕವಾಯತು ಇನ್ನೂ ನಡೆದಿರಲಿಲ್ಲ; 24 ಗಂಟೆಗಳೊಳಗೆ ನಡೆಸಿದರೆ ಸಾಕೆಂದು ಆಗಿನ ನಿಯಮವಿತ್ತು. 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ನಡೆಸಬೇಕೆಂದು ನಿಯಮ ಬದಲಾಯಿತು. ಮಗಳು ಮಕ್ಕಳ ಕೋಣೆಯಲ್ಲಿದ್ದಾಗ ಗಂಟೆ ಬಾರಿಸಿದರೆ ಅವಳ ಜಾಗದ ಅಕ್ಷರ ನನ್ನ ಚೀಲದಲ್ಲಿದ್ದು ಏನು ಪ್ರಯೋಜನ? ಅಂದಿನಿಂದ ಅವಳ ಕಾರ್ಡು ಅವಳ ಬಳಿಯೇ ಇರುತ್ತದೆ, ಆ ಅಕ್ಷರವನ್ನು ಅವಳಿಂದ ಬಾಯಿಪಾಠ ಹೇಳಿಸಿದ್ದೇನೆ.

ಕಾರ್ಡಿಲ್ಲದ ಹಡಗುಗಳೂ ಬಂದಿವೆ. ಪ್ರಿನ್ಸೆಸ್ ಕಂಪನಿ 2017ರಲ್ಲಿ ರೀಗಲ್ ಪ್ರಿನ್ಸೆಸ್ ಹಡಗಿನಿಂದ ಆರಂಭಿಸಿದ ನಾಣ್ಯದಂಥ ಮೆಡಾಲಿಯನ್ನಿನಲ್ಲಿ ನಾವು ಹತ್ತಿರ ಹೋದಾಗಲೇ ಬಾಗಿಲಿನ ಬೀಗ ತೆರೆಯುತ್ತದೆ. ವರ್ಜಿನ್ ವಾಯೇಜಸ್ ಮಣಿಕಟ್ಟಿನ ಪಟ್ಟಿಯನ್ನೇ ಕೊಡುತ್ತದೆ. ಇಂಥದು ಸಿಕ್ಕಿದರೆ ಮೇಲಿನ ಏರ್ಪಾಡಿನಲ್ಲಿ ಅರ್ಧ ಬೇಕಾಗುವುದಿಲ್ಲ.

ಇಷ್ಟಾಗಿಯೂ ಕಾರ್ಡು ಕಳೆದರೆ ಹುಡುಕುತ್ತ ಹೊತ್ತು ಕಳೆಯದೆ ನೇರವಾಗಿ ರಿಸೆಪ್ಷನ್ನಿಗೆ ಹೋಗಬೇಕು. ಅವರು ಹಳೆಯದನ್ನು ರದ್ದು ಮಾಡಿದ ಮೇಲೆ ಅದರಿಂದ ಬಾಗಿಲೂ ತೆರೆಯುವುದಿಲ್ಲ, ನಮ್ಮ ಲೆಕ್ಕಕ್ಕೆ ಖರ್ಚೂ ಸೇರುವುದಿಲ್ಲ.

ಕೊನೆಯ ರಾತ್ರಿ ನಾನು ತಪ್ಪದೆ ಮಾಡುವ ಒಂದು ಕೆಲಸವಿದೆ. ಮರುದಿನ ಇಳಿಯುವವರ ದೊಡ್ಡ ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಕ್ಯಾಬಿನ್ನಿನ ಹೊರಗಿಡಲು ಹೇಳುತ್ತಾರೆ, ಬೆಳಗಾಗುವಷ್ಟರಲ್ಲಿ ಅವು ಕೈಗೆ ಸಿಗದ ಕಡೆ ಹೋಗಿರುತ್ತವೆ. ಸಂಜೆ ತೊಟ್ಟ ಉಡುಪಿನ ಜೊತೆ ಕಾರ್ಡೂ ಪೆಟ್ಟಿಗೆ ಸೇರಿದರೆ ಬೆಳಿಗ್ಗೆ ಗ್ಯಾಂಗ್‌ವೇಯಲ್ಲಿ ಓದಿಸಲು ಏನೂ ಇರುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಜಿಪ್ ಎಳೆಯುವ ಮೊದಲು ಬಾಗಿಲ ಪಕ್ಕದ ಕೊಕ್ಕೆಯನ್ನು ನೋಡುತ್ತೇನೆ. ನಾಲ್ಕು ಬಣ್ಣದ ನಾಲ್ಕು ಕವಚಗಳೂ, ಅವುಗಳೊಳಗೆ ಕಾರ್ಡುಗಳೂ ಇದ್ದರೆ ಮಾತ್ರ ಪೆಟ್ಟಿಗೆಯನ್ನು ಹೊರಗಿಡುತ್ತೇನೆ.