ನಮ್ಮ ಹಾಲ್‌ನಲ್ಲೊಂದು ಕೊಲೆ: ಪತ್ತೇದಾರಿ ಪಾರ್ಟಿ ಮಾಡಿದ ಬಗೆ

ಥೀಮ್ ಪಾರ್ಟಿ ಅಂದ ಕೂಡಲೇ ಎಲ್ಲರಿಗೂ ಮೊದಲು ನೆನಪಾಗುವುದು ಅಲಂಕಾರ. ನಾನು ಮನೆಯಲ್ಲಿ ಪತ್ತೇದಾರಿ ಪಾರ್ಟಿ, ಅಂದರೆ ಅತಿಥಿಗಳೇ ಒಂದು ಕಟ್ಟುಕಥೆಯ ಪಾತ್ರಗಳಾಗಿ ಕೊಲೆಗಾರರನ್ನು ಹುಡುಕುವ ಆಟ, ಮಾಡಿದಾಗ ಗೋಡೆಗಳ ತಂಟೆಗೇ ಹೋಗಲಿಲ್ಲ. ಸಮಯವೆಲ್ಲ ಒಬ್ಬೊಬ್ಬರ ಪಾತ್ರದ ವಿವರ ಬರೆದ ಲಕೋಟೆಗಳಿಗೆ ಹೋಯಿತು. ಬಲೂನು, ಬ್ಯಾನರ್ ಎಲ್ಲ ಒಂದೆರಡು ಫೋಟೊಗೆ ಆಗುತ್ತವೆ. ಆಮೇಲೆ ಜನ ತಮಗೆ ಗೊತ್ತಿದ್ದವರ ಪಕ್ಕದಲ್ಲೇ ಹೋಗಿ ಕೂರುತ್ತಾರೆ. ಗುರುತಿಲ್ಲದವರ ಹತ್ತಿರ ಎದ್ದು ಹೋಗಿ ಮಾತಾಡಲು ಏನಾದರೂ ನೆಪ ಬೇಕಲ್ವಾ? ಥೀಮ್ ಕೊಡಬೇಕಾದ್ದು ಆ ನೆಪವನ್ನು.

ಕಥೆಯನ್ನು ಕೊನೆಯಿಂದ ಹೆಣೆದೆ. ಉಯಿಲು ಬದಲಿಸುವ ಹಿಂದಿನ ರಾತ್ರಿ ಬಂಗಲೆಯ ಯಜಮಾನ ಸತ್ತಿದ್ದಾನೆ. ಕೊಂದವರು ಯಾರು, ಯಾಕೆ ಅನ್ನುವುದು ಗಟ್ಟಿಯಾದ ಮೇಲೆ ಉಳಿದ ಪಾತ್ರಗಳು ಬಂದವು: ಡಾಕ್ಟರು, ವಕೀಲೆ, ಮಾಲಿ, ಸಾಲ ಕೊಟ್ಟವನು, ದೂರದ ಸೋದರಳಿಯ, ಹೀಗೆ ಹತ್ತು ಜನ. ಒಂದು ಹಾಳೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಎಲ್ಲರ ಹೆಸರು ಬರೆದು, ಯಾರಿಗೆ ಯಾರ ಬಗ್ಗೆ ಏನು ಗೊತ್ತು ಅಂತ ತುಂಬುತ್ತಾ ಹೋದೆ. ಯಾರದಾದರೂ ಸಾಲು ಖಾಲಿ ಉಳಿದರೆ ಆ ಅತಿಥಿ ಮೂಲೆಯಲ್ಲಿ ಫೋನ್ ನೋಡುತ್ತಾ ಕೂರುವುದು ಗ್ಯಾರಂಟಿ.

ಒಬ್ಬೊಬ್ಬರ ಲಕೋಟೆಯಲ್ಲೂ ಮೂರೇ ವಿಷಯ. ಡಾಕ್ಟರ ಲಕೋಟೆ ಹೀಗಿತ್ತು: 'ನಿಮಗೆ ಗೊತ್ತಿರುವುದು: ರಾತ್ರಿ ಒಂಬತ್ತಕ್ಕೆ ವಕೀಲೆ ಹಿಂಬಾಗಿಲಿನಿಂದ ಹೋದರು. ಮುಚ್ಚಿಡಬೇಕಾದ್ದು: ಯಜಮಾನರಿಗೆ ನೀವು ಕೊಡುತ್ತಿದ್ದದ್ದು ಬರೀ ಸಕ್ಕರೆ ಗುಳಿಗೆ. ಮಾಡಬೇಕಾದ್ದು: ಮಾಲಿಯ ಕೈಗೆ ಗಾಯ ಹೇಗಾಯಿತು, ಪತ್ತೆ ಮಾಡಿ.' ಈ ಮೂರನೆಯ ಸಾಲೇ ಜನರನ್ನು ಕುರ್ಚಿಯಿಂದ ಎಬ್ಬಿಸುವುದು. ಸಾಕ್ಷಿ ತೋರಿಸಿ ಕೇಳಿದರೆ ಗುಟ್ಟು ಒಪ್ಪಿಕೊಳ್ಳಬೇಕು, ಕೊಲೆಗಾರರು ಮಾತ್ರ ಕೊನೆಯವರೆಗೂ ಸುಳ್ಳು ಹೇಳಬಹುದು ಅಂತ ನಿಯಮ ಮಾಡಿದ್ದೆ.

ಲಕೋಟೆ ಒಂದು ವಾರ ಮೊದಲೇ ಕಳಿಸಿದೆ. ಬಟ್ಟೆಗೆ ಖರ್ಚು ಮಾಡಬೇಡಿ, ಬೀರುವಿನಲ್ಲಿ ಇರುವುದರಲ್ಲೇ ಹೊಂದಿಸಿಕೊಳ್ಳಿ ಅಂತಲೂ ಬರೆದಿದ್ದೆ. ಕೊನೇ ಗಳಿಗೆಯಲ್ಲಿ ಕೈಕೊಡುವವರು ಇದ್ದೇ ಇರುತ್ತಾರೆ. ಅದಕ್ಕೇ ಪತ್ರಕರ್ತ, ಪಕ್ಕದ ಮನೆಯವರು ಅಂತ ಎರಡು ಪಾತ್ರಗಳನ್ನು ಅವರಿಲ್ಲದಿದ್ದರೂ ಕಥೆ ನಿಲ್ಲದ ಹಾಗೆ ಬರೆದಿದ್ದೆ. ಮುಖ್ಯ ಸುಳಿವು ಒಂದೇ ಕಡೆ ಇದ್ದರೆ ಅದು ತಪ್ಪಿಹೋಯಿತು ಅಂತಲೇ ಲೆಕ್ಕ. ಮೂರು ಕಡೆ ಇಡಿ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಬೆರಳಚ್ಚು. ಕಾಗದದ ಮೇಲೆ ಪೆನ್ಸಿಲನ್ನು ದಟ್ಟವಾಗಿ ಉಜ್ಜಿ, ಅದರ ಮೇಲೆ ಬೆರಳು ಒತ್ತಿ, ಬೆರಳಿಗೆ ಸೆಲ್ಲೋಟೇಪ್ ಅಂಟಿಸಿ ತೆಗೆದು ಬಿಳಿ ಹಾಳೆಗೆ ಹಚ್ಚಿದರೆ ಗೆರೆಗಳು ಸ್ಪಷ್ಟವಾಗಿ ಮೂಡುತ್ತವೆ. ಬಾಗಿಲಲ್ಲೇ ಎಲ್ಲರ ಹೆಬ್ಬೆರಳಿನ ಅಚ್ಚು ತೆಗೆದುಕೊಂಡೆ. ಬೆರಳಚ್ಚಿನಲ್ಲಿ ಮುಖ್ಯವಾಗಿ ಮೂರು ಬಗೆ: ಕುಣಿಕೆ, ಸುಳಿ, ಕಮಾನು. 'ನಿಂದು ಸುಳಿನಾ? ತೋರ್ಸು' ಅಂತ ಒಬ್ಬರ ಕೈ ಒಬ್ಬರು ಹಿಡಿದು ನೋಡುವಷ್ಟರಲ್ಲಿ ಸಂಕೋಚ ಬಿಟ್ಟೇಹೋಗಿತ್ತು. ಸುಳಿವಾಗಿ ಇಡಲು ಕೊಲೆಗಾರರ ಅಚ್ಚು ಮೊದಲೇ ಬೇಕಾಗುತ್ತದೆ. ಹಾಗಾಗಿ ಆ ಪಾತ್ರವನ್ನು ಮನೆಯಲ್ಲೇ ಇರುವ ಅತ್ತಿಗೆಗೆ ಕೊಟ್ಟೆ. ಅವರ ಸಾಧು ಮುಖ ನೋಡಿ ಯಾರಿಗೂ ಅನುಮಾನ ಬರಲಿಲ್ಲ.

ಇನ್ನೊಂದು ಸುಳಿವು ಲಿಂಬೆರಸದಲ್ಲಿ ಬರೆದ ಪತ್ರ. ಒಣಗಿದರೆ ಅಕ್ಷರ ಕಾಣುವುದಿಲ್ಲ. ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಕಂದು ಬಣ್ಣದಲ್ಲಿ ಮೇಲೆ ಬರುತ್ತವೆ. ಸ್ವಲ್ಪ ದಪ್ಪ ಕಾಗದ ಬಳಸಿ, ಇಸ್ತ್ರಿ ಪೆಟ್ಟಿಗೆ ನಿಮ್ಮ ಕೈಯಲ್ಲೇ ಇರಲಿ.

ಬೆಳಕಿಗೆ ಮೇಲಿನ ದೀಪ ಆರಿಸಿ ಟೇಬಲ್ ಲ್ಯಾಂಪ್ ಹಚ್ಚಿದ್ದಷ್ಟೇ. ಸುಳಿವಿನ ಮೇಜಿಗೆ ಮಾತ್ರ ಒಳ್ಳೇ ಬೆಳಕು ಬೇಕು, ಅಲ್ಲಿ ಓದುವ ಕೆಲಸ ಇದೆ. ಹಾಡು ಹಾಕಲೇ ಇಲ್ಲ. ಊಟವನ್ನು ನಡುವೆ ಇಟ್ಟೆ. ತಟ್ಟೆ ಹಿಡಿದು ನಿಂತಾಗಲೇ ಅಸಲಿ ವಿಚಾರಣೆ ನಡೆದಿದ್ದು. ನಾನು ಇನ್‌ಸ್ಪೆಕ್ಟರ್. ಆತಿಥ್ಯ ಮಾಡುವವರಿಗೆ ಇದಕ್ಕಿಂತ ಅನುಕೂಲದ ಪಾತ್ರ ಇಲ್ಲ, ಆಟ ತಣ್ಣಗಾದರೆ ಹೊಸ ಸುಳಿವು ಹಿಡಿದುಕೊಂಡು ಒಳಗೆ ಬರಬಹುದು.

1949ರಲ್ಲಿ ಮಾರುಕಟ್ಟೆಗೆ ಬಂದ ಕ್ಲೂಡೊ ಅನ್ನುವ ಕೊಲೆ ಪತ್ತೆಯ ಬೋರ್ಡ್ ಆಟದಲ್ಲಿ ಕಂಡುಹಿಡಿಯಬೇಕಾದ್ದು ಯಾರು, ಯಾವ ಆಯುಧ, ಯಾವ ಕೋಣೆ ಅಂತ. ನಾನು ಕೋಣೆ ಬಿಟ್ಟು 'ಯಾಕೆ' ಸೇರಿಸಿ ಚೀಟಿ ಹಂಚಿದೆ. ಗುಟ್ಟು ಬಿಚ್ಚುವ ಮೊದಲೇ ಉತ್ತರ ಬರೆಸಿ, ಹೆಸರು ಹಾಕಿಸಿ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ 'ನಂಗೆ ಮೊದಲೇ ಗೊತ್ತಿತ್ತು' ಅನ್ನುವವರೇ ಮನೆ ತುಂಬ.